ಗಾಂಡೀವವನ್ನು ಕೇಳುವವರು ಯಾರು?

"ಅರವತ್ತಕ್ಕೆ ಅರಳು ಮರಳು" ಎಂದು ನಮ್ಮಲ್ಲಿ ಒಂದು ಮಾತಿದೆ. ಊರಿನಲ್ಲಿ ಅದನ್ನು ನಗುನಗುತ್ತಲೇ ಹೇಳುತ್ತಿದ್ದೆವು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಅಜ್ಜ, ಒಂದೇ ಮದುವೆಯ ಕಥೆಯನ್ನು ಒಂದೇ ಮಧ್ಯಾಹ್ನ ನಾಲ್ಕು ಸಲ ಹೇಳುವ ದೊಡ್ಡಮ್ಮ, ಎಲ್ಲರ ಮನೆಯಲ್ಲೂ ಇದ್ದವರೇ. ಮರೆವು ಹೆಚ್ಚಾದರೆ ಮಕ್ಕಳು ಮೊಮ್ಮಕ್ಕಳು ಸರದಿಯಂತೆ ಕಾವಲಿರುತ್ತಿದ್ದರು. ಹೆಚ್ಚೆಂದರೆ ಬಾಗಿಲು ತೆಗೆದುಕೊಂಡು ಹೊರಗೆ ಹೋದಾರು, ಒಲೆಯ ಮೇಲೆ ಹಾಲಿಟ್ಟು ಮರೆತಾರು ಎಂಬಷ್ಟೇ ಭಯ.

ನಾವೀಗ ಇರುವ ದೇಶದಲ್ಲಿ ಆ ಮಾತಿಗೆ ಇನ್ನೊಂದು ಮುಖವಿದೆ. ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆಯ ಪ್ರಕಾರ ಅಮೆರಿಕದ ವಯಸ್ಕರಲ್ಲಿ ಹತ್ತರಲ್ಲಿ ನಾಲ್ವರು ಬಂದೂಕಿರುವ ಮನೆಯಲ್ಲಿ ವಾಸಿಸುತ್ತಾರೆ. ಅರವತ್ತೈದು ದಾಟಿದವರಲ್ಲಿ ಸುಮಾರು 70 ಲಕ್ಷ ಜನರಿಗೆ ಆಲ್ಝೈಮರ್ಸ್ ಇದೆ. ಈ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ನಾವೆಲ್ಲ ಕೇಳಿದ್ದೇವೆ. ಎರಡನ್ನೂ ಒಟ್ಟಿಗಿಟ್ಟು ಯೋಚಿಸುವವರು ಕಡಿಮೆ. ಮನೆಯ ಹಿರಿಯರಿಗೆ ಮರೆವು ಶುರುವಾಗಿದೆ, ಅವರ ಬೀರುವಿನಲ್ಲಿ ಒಂದು ಪಿಸ್ತೂಲಿದೆ. ಅದು ಅವರದೇ ಸ್ವತ್ತು, ಕಾನೂನುಬದ್ಧವಾಗಿ ಕೊಂಡದ್ದು. ಅದನ್ನು ಅವರಿಂದ ತೆಗೆದುಕೊಳ್ಳುವ ಅಧಿಕಾರ ಯಾರಿಗಿದೆ? ಯಾವಾಗ? ಹೇಗೆ?

ಇದು ನಮ್ಮವರ ಪ್ರಶ್ನೆಯಲ್ಲ, ಅಮೆರಿಕನ್ನರ ಪ್ರಶ್ನೆ ಎಂದು ಪುಟ ತಿರುಗಿಸುವವರು ದಯವಿಟ್ಟು ಸ್ವಲ್ಪ ತಾಳಬೇಕು. ಅಂಗಡಿ, ಮೋಟೆಲ್ ನಡೆಸುವ ನಮ್ಮ ದೇಶದವರು ಗಲ್ಲಾಪೆಟ್ಟಿಗೆಯ ಕೆಳಗೆ ಪಿಸ್ತೂಲು ಇಟ್ಟುಕೊಂಡಿರುವುದು ಹೊಸ ಸಂಗತಿಯಲ್ಲ. ನಮ್ಮ ನಡುವಿನ ಕೊಡಗಿನವರಿಗಂತೂ ಕೋವಿ ಎಂದರೆ ಮನೆತನದ ಮಾನ. ಕೈಲ್ ಮುಹೂರ್ತದ ದಿನ ಅದಕ್ಕೆ ಹೂವೇರಿಸಿ ಪೂಜಿಸುತ್ತಾರೆ. ಮನೆಯಲ್ಲಿ ಗಂಡು ಮಗು ಹುಟ್ಟಿದರೂ, ಸಾವಾದರೂ ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಅವರದು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಅವರಿಗಿರುವ ವಿನಾಯಿತಿಯನ್ನು ಭಾರತ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಇನ್ನು ನಮ್ಮ ಮಕ್ಕಳು ಮದುವೆಯಾಗಿ ಹೋದ ಮನೆಗಳಿವೆ. ಬೀಗರು ಬೇಟೆಗೆ ಹೋಗುವವರಾಗಿರಬಹುದು, ಸೈನ್ಯದಲ್ಲಿದ್ದವರಾಗಿರಬಹುದು. ಮೊಮ್ಮಕ್ಕಳು ರಜೆಗೆ ಹೋಗುವುದು ಆ ಮನೆಗಳಿಗೇ.

ಅರವತ್ತು, ಎಪ್ಪತ್ತರ ದಶಕಗಳಲ್ಲಿ ಒಂದು ಸೂಟ್‌ಕೇಸ್ ಹಿಡಿದು ಬಂದ ನಮ್ಮ ಮೊದಲ ತಲೆಮಾರು ಈಗ ಎಂಬತ್ತರ ಆಸುಪಾಸಿನಲ್ಲಿದೆ ಎಂಬುದನ್ನೂ ಮರೆಯುವಂತಿಲ್ಲ. ಈ ದೇವಸ್ಥಾನ ಕಟ್ಟಲು ಚಂದಾ ಎತ್ತಿದವರು, ಮೊದಲ ಗಣೇಶನ ಹಬ್ಬಕ್ಕೆ ಶಾಲೆಯ ಹಾಲ್ ಬಾಡಿಗೆಗೆ ಹಿಡಿದವರು ಅವರೇ. ಅವರ ಮುಪ್ಪು ಅಮೆರಿಕದ ಮುಪ್ಪು. ಊರಿನ ಜಗಲಿಯ ಮುಪ್ಪಲ್ಲ.

ಮೊದಲು ಗೊತ್ತಿರುವ ಸಂಗತಿಗಳನ್ನು ನೋಡೋಣ. ಬಂದೂಕಿನ ಸಾವು ಎಂದ ಕೂಡಲೇ ನಮಗೆ ಟಿ.ವಿ.ಯಲ್ಲಿ ಕಂಡ ಶಾಲೆ, ಮಾಲ್ ನೆನಪಾಗುತ್ತವೆ. ಆದರೆ 2023ರಲ್ಲಿ ಈ ದೇಶದಲ್ಲಿ ಬಂದೂಕಿನಿಂದ ಸತ್ತ ಸುಮಾರು 46,700 ಜನರಲ್ಲಿ 27,000ಕ್ಕೂ ಹೆಚ್ಚು ಮಂದಿ ತಮ್ಮ ಕೈಯಿಂದಲೇ ಸತ್ತವರು. ಜನಸಂಖ್ಯೆಗೆ ಹೋಲಿಸಿದರೆ ಆತ್ಮಹತ್ಯೆಯ ಪ್ರಮಾಣ ಎಲ್ಲರಿಗಿಂತ ಹೆಚ್ಚಾಗಿರುವುದು ಎಪ್ಪತ್ತೈದು ದಾಟಿದ ಗಂಡಸರಲ್ಲಿ. ಅವರಲ್ಲಿ ಬಹುಪಾಲು ಮಂದಿ ಬಳಸುವುದು ಮನೆಯಲ್ಲೇ ಇರುವ ಬಂದೂಕನ್ನು. ಬೇರೆ ರೀತಿಯ ಪ್ರಯತ್ನಗಳಲ್ಲಿ ಬದುಕಿ ಉಳಿದು ಮನಸ್ಸು ಬದಲಾಯಿಸಿಕೊಂಡವರು ಲೆಕ್ಕವಿಲ್ಲದಷ್ಟು. ಬಂದೂಕು ಆ ಎರಡನೆಯ ಅವಕಾಶವನ್ನು ಕೊಡುವುದು ತೀರಾ ಅಪರೂಪ.

ಮರೆವಿನ ಕಾಯಿಲೆಯ ವಿಷಯಕ್ಕೆ ಬಂದರೆ, ದಕ್ಷಿಣ ಕೆರೊಲೈನಾದಲ್ಲಿ ಆಲ್ಝೈಮರ್ಸ್ ರೋಗಿಗಳ ಕುಟುಂಬಗಳನ್ನು ವಿಚಾರಿಸಿ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೂರಕ್ಕೆ ಅರವತ್ತು ಮನೆಗಳಲ್ಲಿ ಬಂದೂಕಿತ್ತು. 2018ರಲ್ಲಿ ಕೈಸರ್ ಹೆಲ್ತ್ ನ್ಯೂಸ್ ಮತ್ತು ಪಿಬಿಎಸ್ ವರದಿಗಾರರು ಪತ್ರಿಕೆ, ಕೋರ್ಟು, ಪೊಲೀಸ್ ದಾಖಲೆಗಳನ್ನು ಜಾಲಾಡಿದಾಗ, 2012ರಿಂದ ಈಚೆಗೆ ಮರೆವಿನ ರೋಗಿಗಳು ಬಂದೂಕಿನಿಂದ ತಮ್ಮನ್ನೋ ಇತರರನ್ನೋ ಕೊಂದ ಅಥವಾ ಗಾಯಗೊಳಿಸಿದ 100ಕ್ಕೂ ಹೆಚ್ಚು ಪ್ರಕರಣಗಳು ಸಿಕ್ಕವು. ಗಾಯಗೊಂಡವರು, ಸತ್ತವರು ಯಾರು? ಬಹಳ ಕಡೆ ನೋಡಿಕೊಳ್ಳುತ್ತಿದ್ದ ಹೆಂಡತಿ, ಮಗ, ಮಗಳು. ಈ ಕಾಯಿಲೆಯಲ್ಲಿ ಸಂಜೆಯಾಗುತ್ತಲೇ ಗೊಂದಲ ಹೆಚ್ಚುವುದುಂಟು. ಯಾರೋ ಕದಿಯುತ್ತಿದ್ದಾರೆ ಎಂಬ ಅನುಮಾನ ಹುಟ್ಟುತ್ತದೆ. ಐವತ್ತು ವರ್ಷ ಬಾಳಿದ ಹೆಂಡತಿ ಅಪರಿಚಿತಳಂತೆ ಕಾಣುತ್ತಾಳೆ. ಕತ್ತಲಲ್ಲಿ ಔಷಧಿ ಹಿಡಿದು ಬಂದ ಮಗ ಕಳ್ಳನಾಗುತ್ತಾನೆ.

ಆಶ್ಚರ್ಯವೆಂದರೆ, ಇಷ್ಟು ದೊಡ್ಡ ದೇಶದಲ್ಲಿ ಈ ಲೆಕ್ಕವನ್ನು ವರದಿಗಾರರು ಮಾಡಬೇಕಾಗಿ ಬಂತು. ಅದಕ್ಕೊಂದು ಚರಿತ್ರೆಯಿದೆ. 1993ರಲ್ಲಿ ಆರ್ಥರ್ ಕೆಲರ್ಮನ್ ಎಂಬ ವೈದ್ಯರ ತಂಡ, ಮನೆಯಲ್ಲಿ ಬಂದೂಕಿದ್ದರೆ ಆ ಮನೆಯಲ್ಲಿ ಕೊಲೆ ನಡೆಯುವ ಸಂಭವ ಎರಡೂವರೆ ಪಟ್ಟಿಗೂ ಹೆಚ್ಚು ಎಂದು ಪ್ರಕಟಿಸಿತು. ಬಂದೂಕು ಇಟ್ಟುಕೊಳ್ಳುವುದೇ ರಕ್ಷಣೆಗೆ ಎಂದು ನಂಬಿದವರಿಗೆ ಇದು ಕಹಿಯಾಯಿತು. ಅಧ್ಯಯನದ ವಿಧಾನದ ಬಗ್ಗೆ ವಾದಗಳೆದ್ದವು. ಏಳಲಿ, ವಿಜ್ಞಾನ ಬೆಳೆಯುವುದೇ ಹಾಗೆ. ಆದರೆ ನಡೆದದ್ದು ಬೇರೆ. ಆ ಸಂಶೋಧನೆಗೆ ಹಣ ಕೊಟ್ಟದ್ದು ಸಿಡಿಸಿ, ಅಂದರೆ ಸಾಂಕ್ರಾಮಿಕ ರೋಗಗಳ ಲೆಕ್ಕ ಇಡುವ ಸರ್ಕಾರಿ ಸಂಸ್ಥೆ. 1996ರಲ್ಲಿ ಅರ್ಕನ್ಸಾಸಿನ ಸಂಸದ ಜೇ ಡಿಕಿ ಅವರ ಹೆಸರಿನ ಒಂದು ತಿದ್ದುಪಡಿ ಬಂತು: ಬಂದೂಕು ನಿಯಂತ್ರಣವನ್ನು ಪ್ರತಿಪಾದಿಸಲು ಸಿಡಿಸಿ ಹಣ ಬಳಸಬಾರದು. ಸಂಶೋಧನೆ ಮಾಡಬಾರದೆಂದು ಅದರಲ್ಲಿ ಬರೆದಿರಲಿಲ್ಲ. ಆದರೆ ಬಂದೂಕಿನ ಸಂಶೋಧನೆಗೆ ಸಿಡಿಸಿ ಖರ್ಚು ಮಾಡುತ್ತಿದ್ದ 26 ಲಕ್ಷ ಡಾಲರ್‌ನಷ್ಟೇ ಮೊತ್ತವನ್ನು ಅತ್ತ ಹೋಗದಂತೆ ಮಾಡಿ, ತಲೆಗೆ ಬೀಳುವ ಪೆಟ್ಟಿನ ಅಧ್ಯಯನಕ್ಕೆ ತಿರುಗಿಸಿದರು. ಅಧಿಕಾರಿಗಳಿಗೆ ಸೂಚನೆ ಅರ್ಥವಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಕಡೆ ಯಾರೂ ಹೆಚ್ಚಾಗಿ ತಲೆ ಹಾಕಲಿಲ್ಲ. 2019ರ ಕೊನೆಯಲ್ಲಿ ಕಾಂಗ್ರೆಸ್ಸು ಮತ್ತೆ 2.5 ಕೋಟಿ ಡಾಲರ್ ಮಂಜೂರು ಮಾಡಿತು.

ಜೇ ಡಿಕಿ ಅವರನ್ನು ಖಳನಾಯಕ ಮಾಡಿ ಮುಗಿಸುವುದು ಸುಲಭ, ಅದು ಸರಿಯೂ ಅಲ್ಲ. ಅವರು ಆಗ ವಿರೋಧಿಸಿದ್ದ ಸಿಡಿಸಿಯ ಅಧಿಕಾರಿ ಮಾರ್ಕ್ ರೋಸೆನ್‌ಬರ್ಗ್ ಅವರೊಂದಿಗೆ ಮುಂದೆ ಸ್ನೇಹ ಬೆಳೆಸಿದರು. 2012ರಲ್ಲಿ ಇಬ್ಬರೂ ಒಟ್ಟಿಗೆ ಸಹಿ ಮಾಡಿ, ಈ ಸಂಶೋಧನೆ ನಡೆಯಲೇಬೇಕೆಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಬರೆದರು. 2017ರಲ್ಲಿ ತೀರಿಕೊಳ್ಳುವವರೆಗೂ ಡಿಕಿ ಆ ಮಾತಿನಿಂದ ಹಿಂದೆ ಸರಿಯಲಿಲ್ಲ. ರಾಜಕಾರಣಿಗಳಲ್ಲಿ ಇಂಥವರು ಎಷ್ಟು ಮಂದಿ ಸಿಗುತ್ತಾರೆ ಹೇಳಿ.

ಇದೇ ಜಾತಿಯ ಇನ್ನೊಂದು ಪ್ರಸಂಗ ಫ್ಲಾರಿಡಾದ್ದು. "ಮನೆಯಲ್ಲಿ ಬಂದೂಕಿದೆಯೇ?" ಎಂದು ರೋಗಿಯನ್ನು ವೈದ್ಯರು ವಿನಾಕಾರಣ ಕೇಳಕೂಡದು ಎಂದು ಅಲ್ಲಿ 2011ರಲ್ಲಿ ಕಾನೂನೇ ಆಯಿತು. 2017ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ವೈದ್ಯರ ವಾಕ್‌ಸ್ವಾತಂತ್ರ್ಯಕ್ಕೆ ಅದು ವಿರುದ್ಧವೆಂದು ಹೇಳಿ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು.

ಈ ಎರಡು ಪ್ರಸಂಗಗಳಲ್ಲೂ ನಮಗೆ ಒಂದೇ ಗೊಂದಲ ಕಾಣುತ್ತದೆ: ಕೇಳುವುದನ್ನೂ ಕಸಿದುಕೊಳ್ಳುವುದನ್ನೂ ಒಂದೇ ಎಂದು ತಿಳಿದದ್ದು. ಸರ್ಕಾರ ಲೆಕ್ಕ ಕೇಳಿದರೆ ನಾಳೆ ಬಂದೂಕು ಕಸಿಯುತ್ತದೆ, ಡಾಕ್ಟರು ಕೇಳಿದರೆ ಪೊಲೀಸರಿಗೆ ಹೇಳುತ್ತಾರೆ ಎಂಬ ಭಯ. ನಮ್ಮ ಮನೆಗಳನ್ನೇ ನೋಡಿ, ಅಲ್ಲೂ ಇದೇ ನಡೆಯುತ್ತದೆ. ಅಪ್ಪನ ಕಾರಿನ ಕೀಲಿ, ಚೆಕ್‌ಬುಕ್ಕು, ಅಮ್ಮನ ಗ್ಯಾಸ್ ಒಲೆ, ಯಾವುದರ ಮಾತೆತ್ತಿದರೂ "ನಾನಿನ್ನೂ ಸತ್ತಿಲ್ಲ" ಎಂಬ ಉತ್ತರ ಬರುತ್ತದೆ. ಅದಕ್ಕೆ ಹೆದರಿ ಮಕ್ಕಳು ಕೇಳುವುದೇ ಇಲ್ಲ. ಕೇಳದೆ ಕೇಳದೆ ಕಾಲ ಕಳೆದು, ಕೊನೆಗೊಂದು ದಿನ ಕೇಳುವ ಸಮಯ ಮೀರಿ, ಕಸಿಯುವುದೊಂದೇ ದಾರಿಯಾಗುತ್ತದೆ. ಯಾವುದಕ್ಕೆ ಹೆದರಿ ಸುಮ್ಮನಿದ್ದೆವೋ ಅದನ್ನೇ ನಮ್ಮ ಮೌನ ತಂದಿಡುತ್ತದೆ.

ಮಹಾಭಾರತದಲ್ಲಿ ಹಿರಿಯರ ಕೈಯಿಂದ ಆಯುಧ ಕೆಳಗಿಳಿದ ಎರಡು ಸಂದರ್ಭಗಳಿವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆನಿಸುತ್ತದೆ.

ಒಂದು ದ್ರೋಣರದು. ಮುಪ್ಪಿನಲ್ಲೂ ಎದುರಿಲ್ಲದಂತೆ ಹೋರಾಡುತ್ತಿದ್ದ ಗುರುವಿನ ಕೈಯಿಂದ ಬಿಲ್ಲು ಬಿಡಿಸಲು ಪಾಂಡವರು ಕಂಡುಕೊಂಡದ್ದು ಸುಳ್ಳಿನ ದಾರಿ. ಅಶ್ವತ್ಥಾಮ ಎಂಬ ಆನೆಯನ್ನು ಭೀಮ ಕೊಂದ. ಮಗನೇ ಸತ್ತನೆಂದು ದ್ರೋಣರಿಗೆ ಸುದ್ದಿ ಮುಟ್ಟಿತು. ಎಂದೂ ಸುಳ್ಳಾಡದ ಧರ್ಮರಾಯನನ್ನೇ ಅವರು ಕೇಳಿದರು. ಅವನೂ ಅರ್ಧ ಮಾತನ್ನು ನುಂಗಿಕೊಂಡ. ದ್ರೋಣರು ಆಯುಧ ಕೆಳಗಿಟ್ಟರು. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಧರ್ಮರಾಯನ ರಥ ಅಂದು ನೆಲ ಮುಟ್ಟಿತು.

ಇನ್ನೊಂದು ಅರ್ಜುನನದು. ಕೃಷ್ಣನ ಅವಸಾನದ ನಂತರ ದ್ವಾರಕೆಯ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬರುವಾಗ ದಾರಿಯಲ್ಲಿ ಕಳ್ಳರು ಮುತ್ತಿದರು. ಗಾಂಡೀವಕ್ಕೆ ಹೆದೆಯೇರಿಸಲು ಅರ್ಜುನ ಕಷ್ಟಪಟ್ಟ. ದಿವ್ಯಾಸ್ತ್ರಗಳನ್ನು ನೆನೆದರೆ ನೆನಪಿಗೇ ಬರಲಿಲ್ಲ. ಇದನ್ನು ಬರೆದ ಕವಿಗೆ ಮುಪ್ಪು ಎಂದರೇನು ಎಂಬುದು ಎಷ್ಟು ಚೆನ್ನಾಗಿ ಗೊತ್ತಿತ್ತು! ಅಸ್ತ್ರಗಳ ಕೆಲಸ ಮುಗಿಯಿತು, ಬಂದಲ್ಲಿಗೆ ಹೋದವು ಎಂದು ವ್ಯಾಸರು ಸಮಾಧಾನ ಹೇಳಿದರು. ಆದರೂ ಅರ್ಜುನ ಗಾಂಡೀವವನ್ನು ಬಿಡಲಿಲ್ಲ. ರಾಜ್ಯ ಬಿಟ್ಟು, ನಾರುಮಡಿಯುಟ್ಟು ಮಹಾಪ್ರಸ್ಥಾನಕ್ಕೆ ಹೊರಟಾಗಲೂ ಆ ಬಿಲ್ಲು ಅವನ ಹೆಗಲ ಮೇಲಿತ್ತು. ಕೊನೆಗೆ ಅಗ್ನಿಯೇ ದಾರಿಗೆ ಅಡ್ಡ ನಿಂತು ಕೇಳಿದ: ಇದು ವರುಣನದು, ನಿನಗಾಗಿ ನಾನು ಅವನಿಂದ ತಂದುಕೊಟ್ಟದ್ದು, ಇನ್ನು ಹಿಂದಿರುಗಿಸು. ಅಣ್ಣತಮ್ಮಂದಿರೂ ಒತ್ತಾಯಿಸಿದರು. ಅರ್ಜುನ ತನ್ನ ಕೈಯಾರೆ ಗಾಂಡೀವವನ್ನು ನೀರಿಗೆ ಹಾಕಿದ.

ದ್ರೋಣರಿಂದ ಕಿತ್ತುಕೊಂಡರು, ಅರ್ಜುನ ಕೊಟ್ಟ. ಇಬ್ಬರ ಕೈಯೂ ಕೊನೆಗೆ ಬರಿದಾಯಿತು. ಆದರೆ ಒಬ್ಬರನ್ನು ಮೋಸ ಮಾಡಿ ಗೆದ್ದರು, ಇನ್ನೊಬ್ಬನನ್ನು ಕೊನೆಯವರೆಗೂ ಅರ್ಜುನನಾಗಿಯೇ ನಡೆಸಿಕೊಂಡರು. ಕೊಡುವುದು ಒಂದು ಕೆಲಸ. ಅದನ್ನು ಮಾಡಲು ಒಬ್ಬ ಮನುಷ್ಯ ಬೇಕು. ಕಳೆದುಕೊಳ್ಳಲು ಯಾರೂ ಏನೂ ಮಾಡಬೇಕಿಲ್ಲ.

ಆದರೆ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಅರ್ಜುನನ ವಿವೇಕ ಗಟ್ಟಿಯಾಗಿತ್ತು, ಕೈ ಸೋತಿತ್ತು. ಮರೆವಿನ ಕಾಯಿಲೆಯಲ್ಲಿ ಇದು ತಲೆಕೆಳಗು. ಕೈಗೆ ರೂಢಿಯಾದ ಕೆಲಸಗಳು, ಅಂದರೆ ಬೀಗ ತೆಗೆಯುವುದು, ಗುಂಡು ತುಂಬುವುದು, ಬಹಳ ದಿನ ಉಳಿದುಕೊಳ್ಳುತ್ತವೆ. ಮೊದಲು ಹೋಗುವುದು ಎದುರಿಗಿರುವವರು ಯಾರು, ಈಗ ಏನು ಮಾಡಬೇಕು ಎಂಬ ತಿಳಿವು. ಆ ಹಂತದಲ್ಲಿ ಅಗ್ನಿಯೇ ಬಂದು ನಿಂತರೂ ಅವರಿಗೆ ಗುರುತು ಸಿಗುವುದಿಲ್ಲ.

ಆಗ ಏನು ಮಾಡಬೇಕು? ಇಲ್ಲಿ ತತ್ತ್ವಶಾಸ್ತ್ರದವರಲ್ಲೂ ಒಮ್ಮತವಿಲ್ಲ. ರೊನಾಲ್ಡ್ ಡ್ವರ್ಕಿನ್ ಎಂಬ ನ್ಯಾಯಶಾಸ್ತ್ರಜ್ಞರು 1993ರಲ್ಲಿ ಬರೆದ ಪುಸ್ತಕದಲ್ಲಿ, ಬುದ್ಧಿ ನೆಟ್ಟಗಿದ್ದಾಗ ವ್ಯಕ್ತಿ ಏನು ಬಯಸಿದ್ದನೋ ಅದನ್ನೇ ಮುಂದೆಯೂ ಮನ್ನಿಸಬೇಕು ಎಂದು ವಾದಿಸಿದರು. ರೆಬೆಕ್ಕಾ ಡ್ರೆಸ್ಸರ್ ಅದನ್ನು ಒಪ್ಪಲಿಲ್ಲ. ಇಂದು ನಮ್ಮೆದುರು ಕುಳಿತು ಬೇಕು ಬೇಡ ಹೇಳುತ್ತಿರುವ ಮನುಷ್ಯನನ್ನು ಬಿಟ್ಟು, ಹಿಂದೆ ಇದ್ದವನ ಮಾತು ಕೇಳುವುದು ಎಷ್ಟು ಸರಿ ಎಂದು ಅವರ ಪ್ರಶ್ನೆ. "ನನಗೆ ತಿಳಿಯದಂತಾದರೆ ತೆಗೆದುಬಿಡಿ" ಎಂದ ಎಪ್ಪತ್ತರ ಅಪ್ಪ, "ನನ್ನ ಬಂದೂಕು ಯಾರು ಕದ್ದರು?" ಎಂದು ಕೂಗಾಡುವ ಎಂಬತ್ತರ ಅಪ್ಪ, ಇಬ್ಬರಲ್ಲಿ ಯಾರ ಮಾತು ನಡೆಸಬೇಕು? ಊಟ, ಬಟ್ಟೆ, ಯಾವ ಹಾಡು ಕೇಳಬೇಕು ಎಂಬಲ್ಲೆಲ್ಲ ಎಂಬತ್ತರ ಅಪ್ಪನ ಮಾತೇ ನಡೆಯಲಿ ಎನ್ನುವವರು ನಾವು. ಮಾಂಸ ಮುಟ್ಟದವರು ಅದನ್ನೇ ಬೇಡಿದರೆ ಎಂಬ ಪ್ರಶ್ನೆ ಬೇಡ, ಅದು ಇನ್ನೊಂದು ಲೇಖನವಾಗುತ್ತದೆ. ಆದರೆ ತಪ್ಪಿದರೆ ಹಿಂದಿರುಗಲಾಗದ ವಿಷಯದಲ್ಲಿ ಎಪ್ಪತ್ತರ ಅಪ್ಪನಿಗೇ ಕಿವಿಗೊಡಬೇಕು. ಏಕೆಂದರೆ ಎಂಬತ್ತರ ಅಪ್ಪನ ಪರವಾಗಿ, ಅವರ ಹೆಂಡತಿಯ ಪರವಾಗಿ ಯೋಚಿಸಿದ್ದವರು ಆ ಎಪ್ಪತ್ತರವರೇ.

ಆ ಮಾತನ್ನು ಯಾರೂ ಆಗ ಕೇಳಿಟ್ಟುಕೊಳ್ಳದಿದ್ದರೆ? ಕಾಯುವಂತಿಲ್ಲ. ತೆಗೆಯಬೇಕು, "ರಿಪೇರಿಗೆ ಕೊಟ್ಟಿದ್ದೇವೆ" ಎಂದು ಹೇಳಬೇಕಾಗಿ ಬಂದರೆ ಹೇಳಲೂ ಬೇಕು. ಧರ್ಮರಾಯನ ಸುಳ್ಳು ಕೊಲ್ಲಲು, ಇದು ಉಳಿಸಲು. ವ್ಯತ್ಯಾಸ ದೊಡ್ಡದು. ಆದರೂ ಇದರಲ್ಲಿ ಪುಣ್ಯ ಹುಡುಕುವುದು ಬೇಡ. ರಥ ಎರಡು ಬೆರಳಾದರೂ ಕೆಳಗಿಳಿಯುತ್ತದೆ, ಆ ಭಾರವನ್ನು ಮಕ್ಕಳೇ ಹೊತ್ತುಕೊಳ್ಳಬೇಕು.

ಬಂದೂಕು ಇಟ್ಟುಕೊಂಡವರ ಕಡೆಯ ಮಾತೂ ಹಗುರವಾದದ್ದಲ್ಲ. ಅವರಲ್ಲಿ ಹೆಚ್ಚಿನವರು ಹೇಳುವ ಕಾರಣ ಆತ್ಮರಕ್ಷಣೆ. ಮನೆಯೊಳಗೆ ರಕ್ಷಣೆಗಾಗಿ ಬಂದೂಕಿಡುವುದು ವ್ಯಕ್ತಿಯ ಹಕ್ಕೆಂದು ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪು ಕೊಟ್ಟಿದೆ. ದೇಹದ ಶಕ್ತಿ ಕುಂದಿದಷ್ಟೂ ಭಯ ಹೆಚ್ಚು. ಶೆರಿಫ್ ಬರಲು ಅರ್ಧ ಗಂಟೆ ಬೇಕಾಗುವ ಹಳ್ಳಿಯಲ್ಲಿ ಇಬ್ಬರೇ ಇರುವ ಮುದುಕ ಮುದುಕಿಗೆ "ನಿಮಗೇಕೆ ಬಂದೂಕು?" ಎಂದು ನಗರದ ಮಗ ಫೋನಿನಲ್ಲಿ ಹೇಳುವುದು ಉದ್ಧಟತನವೇ. ಕಾಯಿಲೆಯ ಹೆಸರು ಬಂದ ಕೂಡಲೇ ಕಾನೂನೂ ಬಂದೂಕನ್ನು ಕೇಳುವುದಿಲ್ಲ. ಅಪಾಯ ಕಂಡಾಗ ನ್ಯಾಯಾಧೀಶರ ಆದೇಶದಿಂದ ತಾತ್ಕಾಲಿಕವಾಗಿ ತೆಗೆದಿಡುವ ವ್ಯವಸ್ಥೆ 20ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಆದರೆ ಅಪ್ಪನ ವಿರುದ್ಧ ಕೋರ್ಟಿಗೆ ಹೋಗುವ ಮಗಳು ಎಷ್ಟು ನೊಂದಿರಬೇಕು.

ಆದ್ದರಿಂದಲೇ ಕೊಲೊರಾಡೊ ವಿಶ್ವವಿದ್ಯಾಲಯದ ತುರ್ತುಚಿಕಿತ್ಸಾ ವೈದ್ಯೆ ಮರಿಯನ್ ಬೆಟ್ಜ್ ಅವರ ಕೆಲಸ ನಮಗೆ ಹಿಡಿಸಿತು. ಅವರೂ ಸಹೋದ್ಯೋಗಿಗಳೂ 2018ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಬಂದೂಕನ್ನು ಕಾರು ಓಡಿಸುವುದಕ್ಕೆ ಹೋಲಿಸಿದರು. ಮರೆವು ಆರಂಭದಲ್ಲಿರುವಾಗಲೇ ಕೂತು ಮಾತಾಡಿ, ಬಂದೂಕಿಗೆ ಒಂದು "ನಿವೃತ್ತಿಯ ದಿನ"ವನ್ನು ರೋಗಿಯೇ ಗೊತ್ತುಮಾಡಲಿ ಎಂಬುದು ಸಲಹೆ. ಯಾವ ಬಂದೂಕು ಯಾವ ಮೊಮ್ಮಗನಿಗೆ, ಅಲ್ಲಿಯವರೆಗೆ ಕೀಲಿ ಯಾರ ಹತ್ತಿರ ಎಂದು ವಿಲ್ ಬರೆದಂತೆ ಬರೆದಿಡಬಹುದು. ಕೊಲೊರಾಡೊದಲ್ಲಿ ಈ ಕೆಲಸಕ್ಕೆ ಬಂದೂಕಿನ ಅಂಗಡಿಯವರೇ ವೈದ್ಯರ ಜೊತೆ ಕೈಜೋಡಿಸಿದ್ದಾರೆ. ಸ್ವಲ್ಪ ಕಾಲ ಬಂದೂಕನ್ನು ಮನೆಯಿಂದಾಚೆ ಇಟ್ಟುಕೊಳ್ಳಲು ಒಪ್ಪುವ ಅಂಗಡಿ, ಠಾಣೆಗಳ ನಕ್ಷೆಯನ್ನೂ ಮಾಡಿದ್ದಾರೆ. ಒಂದು ಎಚ್ಚರ: ಕೆಲವು ರಾಜ್ಯಗಳಲ್ಲಿ ನೆರೆಯವರಿಗೆ ಬಂದೂಕು ಕೊಡಲೂ ಕಾನೂನಿನ ತಪಾಸಣೆ ಬೇಕು. ವಿಚಾರಿಸಿಯೇ ಮುಂದುವರಿಯಬೇಕು.

ಕೇಳುವ ಹೊತ್ತಿನ ಬಗ್ಗೆಯೂ ಒಂದು ಮಾತು. ಇಂಗ್ಲೆಂಡಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮರೆವಿನ ಕಾಯಿಲೆಯೆಂದು ಗೊತ್ತಾದ ಮೊದಲ ಮೂರು ತಿಂಗಳಲ್ಲಿ, ಅದರಲ್ಲೂ ಅರವತ್ತೈದಕ್ಕೆ ಮೊದಲೇ ಕಾಯಿಲೆ ಬಂದವರಲ್ಲಿ, ಆತ್ಮಹತ್ಯೆಯ ಅಪಾಯ ಹೆಚ್ಚೆಂದು ಕಂಡುಬಂತು. ಅಂದರೆ ಅವರು ನಮ್ಮ ಮಾತನ್ನು ಪೂರ್ತಿ ಅರ್ಥಮಾಡಿಕೊಳ್ಳಬಲ್ಲ ದಿನಗಳೇ ಅವರ ಮನಸ್ಸು ಕುಸಿದಿರುವ ದಿನಗಳು. ಡಾಕ್ಟರ ಕೊಠಡಿಯಿಂದ ಹೊರಬಂದ ಸಂಜೆಯೇ ಬಂದೂಕಿನ ಮಾತೆತ್ತಿದರೆ ಅದು ಎರಡನೆಯ ಪೆಟ್ಟು, ಎತ್ತದಿದ್ದರೆ ಅಪಾಯ. ಕಾಯಿಲೆಯ ಹೆಸರೇ ಬಾರದ ಕಾಲದಲ್ಲಿ, ವಿಲ್, ಪವರ್ ಆಫ್ ಅಟಾರ್ನಿ ಬರೆಯುವಾಗಲೇ ಕೇಳಿಟ್ಟುಕೊಂಡಿದ್ದರೆ ಈ ಇಕ್ಕಟ್ಟು ಬಹುಪಾಲು ತಪ್ಪುತ್ತದೆ. ಯಾರ ಮನಸ್ಸಾದರೂ ತೀರಾ ಕುಸಿದಂತೆ ಕಂಡರೆ 988ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಮನೆಯವರೂ ಮಾಡಬಹುದು.

ಇನ್ನು ಕೇಳುವವರು ಯಾರು? ಮಗ ಕೇಳಿದರೆ ಆಸ್ತಿಯ ಆಸೆ, ಸೊಸೆ ಕೇಳಿದರೆ ಅಧಿಕಪ್ರಸಂಗ, ಅಳಿಯ ಕೇಳುವಂತೆಯೇ ಇಲ್ಲ. ಅರ್ಜುನನನ್ನು ಅವನ ಮೊಮ್ಮಗ ಪರೀಕ್ಷಿತ ಕೇಳಲಿಲ್ಲ ಎಂಬುದನ್ನು ಗಮನಿಸಬೇಕು. ಕೇಳಿದವನು ಬಿಲ್ಲು ತಂದುಕೊಟ್ಟವನು, ಒತ್ತಾಯಿಸಿದವರು ಜೊತೆಗೆ ನಡೆಯುತ್ತಿದ್ದ ಅಣ್ಣತಮ್ಮಂದಿರು. ಅಮೆರಿಕದ ಮನೆಗಳಲ್ಲಿ ಆ ಜಾಗ ಬೇಟೆಯ ಜೊತೆಗಾರನದು, ಸೈನ್ಯದಲ್ಲಿ ಜೊತೆಗಿದ್ದವನದು. ನಮ್ಮಲ್ಲಿ ಅದು ಅದೇ ವರ್ಷ ವಿಮಾನ ಇಳಿದ, ಮೊದಲ ಅಂಗಡಿಗೆ ಜಾಮೀನು ನಿಂತ, ಶನಿವಾರದ ಭಜನೆಯಲ್ಲಿ ಪಕ್ಕದಲ್ಲಿ ಕೂರುವ ಗೆಳೆಯನದು. "ಏನಯ್ಯಾ, ನಿನ್ನ ಹತ್ತಿರ ಇರೋ ಆ ಕೋವಿ ಮುಂದೆ ಯಾರಿಗೆ ಕೊಡಬೇಕು ಅಂತಿದೀಯ? ನಾನೂ ನನ್ನದನ್ನು ಬರೆದಿಡೋಣ ಅಂತಿದೀನಿ" ಎಂದು ಅವನು ಕೇಳಿದರೆ, ಜಗಳವಾಗುವ ಬದಲು ಆ ಕೋವಿ ಎಲ್ಲಿ ಕೊಂಡದ್ದು, ಆ ವರ್ಷ ಅಂಗಡಿಗೆ ಕಳ್ಳರು ಬಂದ ರಾತ್ರಿ ಏನಾಯಿತು ಎಂಬ ಕಥೆ ಶುರುವಾಗುತ್ತದೆ. ಅದನ್ನು ಪೂರ್ತಿ ಕೇಳಬೇಕು, ಹಿಂದೆ ಕೇಳಿದ್ದೇ ಆದರೂ. ಯಾರಿಗೆ ಕೊಡಬೇಕು ಎಂಬ ಹೆಸರು ಸಾಮಾನ್ಯವಾಗಿ ಆ ಕಥೆಯ ಕೊನೆಯಲ್ಲಿ ಬರುತ್ತದೆ.